ಮಕ್ಕಳ ಕಳ್ಳಿ ಉಟ್ಟ ಸೀರೆ

ಆ ದಿನ ಕೊಟ್ಟಿಗೆ ಗುಡಿಸಿದೆ, ಎರಡು ಬಿಂದಿಗೆ ನೀರು ತಂದೆ, ರಾಗಿ ಕೇರಿದೆ, ಆಮೇಲೆ ಪಕ್ಕದ ಮನೆಗೆ ಹೋಗಿ ಸೀರೆ ಕೇಳಿದೆ. ಮಧ್ಯಾಹ್ನ ಕೌದಳ್ಳಿಯ ನಮ್ಮ ಶಾಲೆಯಲ್ಲಿ ನಾಟಕವಿತ್ತು.

ಪಕ್ಕದ ಮನೆಯ ಪಾಪಾತಿ ಅಕ್ಕ ಮೆಟ್ಟೂರಿನ ಕಡೆಯಿಂದ ಗಂಡನ ಜೊತೆ ರಸ್ತೆಗೆ ಕಲ್ಲು ಒಡೆಯಲು ಬಂದವರು. ಅವ್ವ ಹೊಲಕ್ಕೆ ಹೋದಾಗೆಲ್ಲ ನನಗೆ ತಲೆ ಬಾಚಿ ಉಣ್ಣಿಸುತ್ತಿದ್ದರು. ಕರೆಯುತ್ತಿದ್ದುದೇ ‘ಕಣ್ಣು’ ಎಂದು, ಅವರ ತಮಿಳಿನಲ್ಲಿ ಅದು ಮುದ್ದಿನ ಮಾತು.

“ರಾಣಿ ಪಾರ್ಟಾ, ಕಣ್ಣು?” ಎಂದರು. ಹೂಂ ಅಂದೆ. ಪೆಟ್ಟಿಗೆಯ ತಳದಿಂದ, ಒಣ ಬೇವಿನೆಲೆಗಳ ನಡುವಿನಿಂದ ಮದುವೆ ಸೀರೆ ತೆಗೆದು, ತಮ್ಮೂರಿನ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಬರುವಂತೆ ಉಡಿಸಿದರು.

ನಿಜಕ್ಕೂ ನನ್ನದು ಮಕ್ಕಳನ್ನು ಕದಿಯುವ ಕಳ್ಳಿಯ ಪಾರ್ಟು. “ಆ ಕಡೆಯೋರ ಮಾತು ನಿಂಗೆ ಚೆನ್ನಾಗ್ ಬತ್ತದೆ ಕಣಮ್ಮಿ” ಎಂದೇ ಮೇಷ್ಟ್ರು ನನ್ನನ್ನು ಆರಿಸಿದ್ದರು.

ಅಕ್ಕನ ಹಾಗೆ ಸೊಂಟಕ್ಕೆ ಕೈಯಿಟ್ಟು, ಅಕ್ಕನ ಹಾಗೇ ಎಳೆದು ಮಾತಾಡುತ್ತಾ ಮಗುವನ್ನು ಗೋಣಿಚೀಲಕ್ಕೆ ತುಂಬಿದೆ. ಜನ ಬಿದ್ದು ಬಿದ್ದು ನಕ್ಕರು. “ಥೇಟ್ ಕಲ್ಲೊಡೆಯೋಳೇ ಕಣ್ಲಾ” ಎಂದರು ಯಾರೋ. ಅಕ್ಕ ನನಗೆಂದು ಕಟ್ಟಿದ ಮಲ್ಲಿಗೆ ಹಿಡಿದು ಮುಂದೆಯೇ ಕೂತಿದ್ದರು. ಅಕ್ಕನ ಪಕ್ಕ ಕೂತಿದ್ದ ಹೆಂಗಸು ನಗುತ್ತಲೇ ತನ್ನ ಮಗುವನ್ನು ಆಚೆ ಬದಿಗೆ ಎಳೆದುಕೊಂಡಳು.

ಈಗಲೂ ಟೀವಿ ಧಾರಾವಾಹಿಯ ಕಳ್ಳಿ ಹೊರಗಿನವರ ಹಾಗೆ ಮಾತಾಡಿ ಮನೆಯವರೆಲ್ಲ ನಕ್ಕಾಗ, ನನಗೆ ಆ ಪೆಟ್ಟಿಗೆಯ ಒಣ ಬೇವಿನೆಲೆಯ ವಾಸನೆ ಬರುತ್ತದೆ.

ಸಂಜೆ ಸೀರೆ ಮಡಚಿ ಕೊಟ್ಟೆ. “ಸುಸ್ತಾಗಿರ್ತೀಯ, ಓಗಿ ಉಣ್ಣಮ್ಮ” ಎಂದರು. ಒಂದೊಂದೇ ಮಾತನ್ನು ನಮ್ಮೂರಿನವರ ಹಾಗೆ ತಿದ್ದಿಕೊಂಡು ಆಡಿದರು. ‘ಕಣ್ಣು’ ಅನ್ನಲಿಲ್ಲ.

ನಾವು ಮುದ್ದೆ, ಉಪ್ಪೆಸರು ಉಂಡೆವು. ಮೊದಲು ಮಲಗಿದ್ದು ಪಕ್ಕದ ಮನೆಯವರು. ಇನ್ನೂ ಬೆಳಕಿರುವಾಗಲೇ ಅಕ್ಕ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.