ಮರೆತ ವೈರು

ಬೆಲ್ ಎರಡನೇ ಸಲ ಸದ್ದು ಮಾಡಿದಾಗಲೂ ವಸುಂಧರಾ ಬಾಗಿಲು ತೆರೆಯಲಿಲ್ಲ. ಅಡುಗೆಮನೆಯ ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಹೊರಗೆ ನಿಂತವರ ಮುಖ ಕಾಣುತ್ತಿತ್ತು. ವಿಜಯಾ ನಗುತ್ತಿದ್ದಳು. ಪಕ್ಕದಲ್ಲಿ ಮಧುಕರ್, ಎಡಗೈಯನ್ನು ಕೋಟಿನ ಜೇಬಿನೊಳಗಿಟ್ಟುಕೊಂಡು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದ.

ಹನ್ನೆರಡು ವರ್ಷದ ಹಿಂದೆ ಮೈಸೂರಿನಲ್ಲಿ ಮೂವರದೂ ಒಂದೇ ಬ್ಯಾಂಡ್. ವಿಜಯಾ ಹಾಡುತ್ತಿದ್ದಳು, ವಸುಂಧರಾಳದು ಕೀಬೋರ್ಡ್, ಮಧುಕರನದು ಗಿಟಾರ್. ಒಂದು ಗಣೇಶನ ಪೆಂಡಾಲಿನಲ್ಲಿ, ಎರಡನೇ ಹಾಡಿನ ನಡುವೆ, ಗಿಟಾರ್ ಹಿಡಿದೇ ದನಿಗೂಡಿಸಲು ಹೋದ ಮಧುಕರನ ತುಟಿ ಮೈಕಿಗೆ ತಾಗಿತು. ಕರೆಂಟ್ ಹೊಡೆದು ವೇದಿಕೆಯಿಂದ ಕೆಳಗೆ ಬಿದ್ದ. ಜೀವ ಉಳಿಯಿತು. ಎಡಗೈಯ ಮೂರು ಬೆರಳು ಮತ್ತೆ ಬಗ್ಗಲಿಲ್ಲ. ವಸುಂಧರಾ ಆಸ್ಪತ್ರೆಗೆ ಒಮ್ಮೆಯೂ ಹೋಗಲಿಲ್ಲ. ಆರು ವಾರದಲ್ಲಿ ಮದುವೆಯಾಗಿ ಜಪಾನಿಗೆ ಬಂದವಳು ಇಬ್ಬರಿಗೂ ನಂಬರ್ ಕೊಟ್ಟಿರಲಿಲ್ಲ.

ಈಗ ವಿಜಯಾ ಕೂಡ ಜಪಾನಿನಲ್ಲೇ, ನೋಮಿ ಎಂಬ ಊರಿನಲ್ಲಿ ಸಂಶೋಧಕಿ; ಹೇಗೋ ಇವಳನ್ನು ಹುಡುಕಿದ್ದಳು. ಮಧುಕರ್ ಆಫೀಸಿನ ಕೆಲಸದ ಮೇಲೆ ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಹತ್ತಿರದ ಮಿನಾಟೋಗೆ ಬಂದಿದ್ದ. 'ಇಚಿಕಾವಾಕ್ಕೆ ಹೋಗಿ ವಸು ಮನೆಯಲ್ಲೇ ಊಟ ಮಾಡೋಣ' ಎಂದು ಅವನೇ ಹೇಳಿದನಂತೆ. ಯಾಕೆ ಹಾಗಂದ ಎಂದು ಯೋಚಿಸಿ ಯೋಚಿಸಿ ವಸುಂಧರಾ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಇವತ್ತು ಗಂಡನನ್ನೂ ಮಗಳನ್ನೂ ಮೇಲಿನ ಮಹಡಿಯ ಸ್ನೇಹಿತರ ಮನೆಗೆ ಕಳಿಸಿದ್ದಳು. ಏನೇ ಮಾತು ಬಂದರೂ ಅವರ ಕಿವಿಗೆ ಬೀಳಬಾರದು.

ಮೂರನೇ ಬೆಲ್ಲಿಗೆ ಬಾಗಿಲು ತೆರೆದಳು.

"ಏನೇ, ನಿದ್ದೆ ಹೋಗಿದ್ಯಾ?" ಎನ್ನುತ್ತ ವಿಜಯಾ ಅಪ್ಪಿಕೊಂಡಳು. ಮಧುಕರ್ ಬಗ್ಗಿ ಒಂದೇ ಕೈಯಲ್ಲಿ ಶೂ ಲೇಸ್ ಎಳೆಯತೊಡಗಿದ. ನೋಡಬಾರದು ಎಂದುಕೊಂಡೇ ವಸುಂಧರಾ ನೋಡಿದಳು.

"ಮುದ್ದೆ ವಾಸ್ನೆ ಬರ್ತಿದೆ," ಎಂದ ಅವನು.

"ಮಸ್ಸೊಪ್ಪಿನ ಸಾರು. ಇಲ್ಲಿ ಕೊಮಾತ್ಸುನಾ ಅಂತ ಸೊಪ್ಪು ಸಿಗುತ್ತೆ, ಅದ್ರಲ್ಲೇ ಮಾಡಿದೀನಿ. ಮುದ್ದೆ ಮಾತ್ರ ಎರಡು ಸಲ ಗಂಟಾಯ್ತು."

"ನಿಮ್ಮಮ್ಮನ ಕೈಲಿ ಗಂಟಾಗ್ತಿರ್ಲಿಲ್ಲ. ಪ್ರಾಕ್ಟೀಸ್ ಮುಗಿಸಿ ಎಷ್ಟು ತಿಂದಿದೀವಿ ನಿಮ್ಮನೇಲಿ."

ಅವನ ದನಿಯಲ್ಲಿ ಕಹಿ ಇರಲಿಲ್ಲ. ಅದರಿಂದಲೇ ಅವಳ ಭಯ ಹೆಚ್ಚಾಯಿತು. ಊಟಕ್ಕೆ ಕೂತಾಗ ವಿಜಯಾ ಒಬ್ಬಳೇ ಮಾತಾಡಿದಳು: ನೋಮಿಯ ಹಿಮ, ಲ್ಯಾಬಿನ ತನಾಕಾ-ಸಾನ್, ಹಳೆಯ ಪ್ರಾಕ್ಟೀಸ್ ರೂಮಿನ ಇಲಿ. ಮಧುಕರ್ ಬಾಯಿ ತೆರೆದಾಗಲೆಲ್ಲ ವಸುಂಧರಾಳ ಕೈಯ ಸೌಟು ನಿಲ್ಲುತ್ತಿತ್ತು. ಅವನು ಉಪ್ಪು ಕೇಳುತ್ತಿದ್ದ, ಇಲ್ಲವೇ ತುಪ್ಪ.

"ಹೋದ ತಿಂಗಳು ನಂಜುಂಡಸ್ವಾಮಿ ಸಿಕ್ಕಿದ್ದ," ಎಂದ ಇದ್ದಕ್ಕಿದ್ದಂತೆ.

ವಸುಂಧರಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅವತ್ತಿನ ಪೆಂಡಾಲಿಗೆ ಮೈಕ್ ಸೆಟ್ ಹಾಕಿದ್ದವನು ನಂಜುಂಡಸ್ವಾಮಿ. ವೈರಿಂಗ್ ಕೆಡಿಸಿದವನು ಅವನೇ ಎಂದು ಜನ ಅಲ್ಲೇ ಹಿಡಿದು ಹೊಡೆದಿದ್ದರು.

"ಆಮೇಲೆ ಯಾರೂ ಅವ್ನಿಗೆ ಪ್ರೋಗ್ರಾಮ್ ಕೆಲ್ಸ ಕೊಡ್ಲಿಲ್ವಂತೆ. ಈಗ ಮಿಕ್ಸಿ ರಿಪೇರಿ ಮಾಡ್ತಾನೆ. ನನ್ನ ಕೈ ಹಿಡ್ಕೊಂಡು ಏನಂದ ಗೊತ್ತಾ? ಯಾವ ವೈರ್ ಮರ್ತೆ ಅಂತ ಇವತ್ತಿಗೂ ಯೋಚ್ನೆ ಮಾಡ್ತಾನೇ ಇದೀನಿ ಸಾರ್, ನೆನಪೇ ಆಗ್ತಿಲ್ಲ, ಅಂದ."

ಇವರಿಗೆ ಏನೂ ಗೊತ್ತಿಲ್ಲ ಎಂಬುದು ವಸುಂಧರಾಳಿಗೆ ಆಗ ಖಚಿತವಾಯಿತು. ತಲೆಯಾಡಿಸಿ, ಅಯ್ಯೋ ಪಾಪ ಎಂದುಬಿಟ್ಟರೆ ಸಾಕಿತ್ತು. ಗೆಳೆಯರು ಗೆಳೆಯರಾಗಿಯೇ ಮನೆಗೆ ಹೋಗುತ್ತಿದ್ದರು.

"ಅವ್ನು ಯಾವ್ದೂ ಮರ್ತಿರ್ಲಿಲ್ಲ," ಎಂದಳು. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ಶುರು ಮಾಡೋ ಮುಂಚೆ ಸ್ಪೀಕರಲ್ಲಿ ಗುಂಯ್ ಅಂತಿತ್ತಲ್ಲ, ನಿನ್ನ ಗಿಟಾರ್ ಆಂಪ್ಲಿಫೈಯರಿಂದು. ಅದ್ರ ಪ್ಲಗ್ಗಿನ ಅರ್ತ್ ವೈರ್ ತೆಗೆದ್ರೆ ನಿಲ್ಲುತ್ತೆ ಅಂತ ಎಲ್ಲೋ ಕೇಳಿದ್ದೆ. ನಾನೇ ಕಿತ್ತೆ. ಸದ್ದು ನಿಂತ್ಹೋಯ್ತು. ನಿಂಗೆ ಹೇಳೋಣ ಅಂತಿದ್ದೆ, ಅಷ್ಟ್ರಲ್ಲಿ ನಮ್ಮನ್ನ ಸ್ಟೇಜಿಗೆ ಕರೆದ್ರು."

ವಿಜಯಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು.

"ಅವ್ನಿಗೆ ಹೊಡೀವಾಗ ನೀನು ಅಲ್ಲೇ ನಿಂತಿದ್ಯಲ್ಲೇ, ವಸು," ಎಂದಳು ವಿಜಯಾ ಮೆಲ್ಲಗೆ.

"ನಿಂತಿದ್ದೆ. ಬಾಯೇ ಬರ್ಲಿಲ್ಲ."

ಮಧುಕರ್ ಎದ್ದು ಕೈತೊಳೆಯಲು ಹೋದ. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ನಲ್ಲಿ ನಿಂತಿತು. ಇನ್ನು ಕೋಟು ತೆಗೆದುಕೊಳ್ಳುತ್ತಾನೆ, ಬಾಗಿಲು ಹಾಕಿಕೊಂಡ ಸದ್ದಾಗುತ್ತದೆ ಎಂದು ವಸುಂಧರಾ ಕಣ್ಣು ಮುಚ್ಚಿ ಕಾದಳು. ಪಕ್ಕದ ಕುರ್ಚಿ ಎಳೆದ ಸದ್ದಾಯಿತು.

"ನನ್ನ ವಿಷಯ ಆಮೇಲೆ ನೋಡೋಣ," ಎಂದ ಅವನು, ಅವಳ ಮುಖ ನೋಡದೆ. "ನಂಗೆ ಈಗ ಏನನಿಸ್ತಿದೆ ಅಂತ ನಂಗೇ ಗೊತ್ತಾಗ್ತಿಲ್ಲ. ಆದ್ರೆ ಆ ಮನುಷ್ಯ ಇನ್ನೂ ಹುಡುಕ್ತಿದಾನೆ." ಫೋನನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟ. "ಇದು ಅವ್ನ ನಂಬರ್. ಅಲ್ಲೀಗ ಸಂಜೆ ನಾಲ್ಕು ಗಂಟೆ, ಅಂಗಡೀಲಿರ್ತಾನೆ."

"ನನ್ನ ಕೈಲಾಗಲ್ಲ ಮಧು."

"ನಾವಿಬ್ರೂ ಇಲ್ಲೇ ಕೂತಿರ್ತೀವಿ," ಎಂದ.

ವಿಜಯಾ ತನ್ನ ಕುರ್ಚಿಯನ್ನು ಇನ್ನೊಂದು ಪಕ್ಕಕ್ಕೆ ಎಳೆದುಕೊಂಡಳು. ಅವಳ ಮುಖ ಇನ್ನೂ ಬಿಗಿದುಕೊಂಡೇ ಇತ್ತು.

ವಸುಂಧರಾ ತನ್ನ ಫೋನಿನಲ್ಲಿ ಆ ನಂಬರ್ ಒತ್ತಿದಳು. ಆರು ಸಲ ರಿಂಗಾಯಿತು. ಅತ್ತ ಕಡೆ ಮಿಕ್ಸಿಯೊಂದು ಗರಗರ ತಿರುಗಿ ನಿಂತಿತು. "ಹಲೋ, ಯಾರು?"

ಅವಳು ಹೆಸರು ಹೇಳಿದಳು.

"ಕೀಬೋರ್ಡ್ ಮೇಡಮ್ಮಾ?" ದನಿ ಸಂತೋಷದಿಂದ ಏರಿತು. "ಜಪಾನಲ್ಲಿದೀರಂತೆ, ಮಧು ಸಾರ್ ಹೇಳ್ತಿದ್ರು. ನಮ್ಮಂಥೋರನ್ನ ನೆನಪಿಟ್ಕೊಂಡು ಫೋನ್ ಮಾಡಿದ್ರಲ್ಲ. ಚೆನ್ನಾಗಿದೀರಾ ಮೇಡಮ್? ಊಟ ಆಯ್ತಾ?"

ವಸುಂಧರಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ, ನಂಜುಂಡಸ್ವಾಮಿ ಅವ್ರೇ," ಎಂದಳು. "ನಿಮಗೊಂದು ಮಾತು ಹೇಳ್ದೆ ತುತ್ತು ಇಳೀತಿಲ್ಲ."