ಪಟ್ಟೆ ಅಂಗಿ

1892ರ ಫೆಬ್ರವರಿ 9, ಸಂಜೆ ಐದೂಕಾಲು. ಜೈಲಿನಿಂದ ಬಾಡಿಗೆಗೆ ತಂದ, ಕೂಲಿ ಕೇಳದ ಕೈದಿಗಳನ್ನು ಕಲ್ಲಿದ್ದಲು ಗಣಿಗಿಳಿಸಿ ಧಣಿ ಅವನಂಥ ಗಣಿಗಾರರ ಹೊಟ್ಟೆಯ ಮೇಲೆ ಹೊಡೆದಿದ್ದ. ಕಲ್ಲಿದ್ದಲು ಅಗೆದವನ ಮನೆಯಲ್ಲೇ ಒಲೆ ಆರಿತ್ತು. ಕೊನೆಗೆ ಅಂದು ಗಣಿಗಾರರೆಲ್ಲ ದಂಗೆಯೆದ್ದು ಕೈದಿಗಳ ದೊಡ್ಡಿಯ ಬಾಗಿಲು ಮುರಿದರು.

“ಓಡೋ ಮಾರಾಯ, ಇನ್ನೇನು ನೋಡ್ತೀಯ?” ಎಂದು ಅವನು ಒಬ್ಬ ಕೈದಿಯನ್ನು ಗದರಿದ.

“ಈ ಪಟ್ಟೆ ಅಂಗೀಲಿ ಎಲ್ಲಿಗಣ್ಣ ಓಡ್ಲಿ? ಊರು ದಾಟೋದ್ರೊಳಗೆ ಗುಂಡು ಹೊಡೀತಾರೆ.”

ಅವನು ತನ್ನ ಅಂಗಿ ಬಿಚ್ಚಿ ಕೊಟ್ಟ. ಚಳಿ ತಡೆಯಲಾರದೆ ಕೈದಿಯದನ್ನು ತೊಟ್ಟ.

“ನಿನ್ನ ಋಣ ಹೇಗಣ್ಣ ತೀರಿಸ್ಲಿ?”

“ನನ್ನ ಕೆಲಸ ನನಗೆ ಬಿಟ್ಟುಹೋಗು, ಸಾಕು.”

ಕೈದಿ ಮರೆಯಾಗುವಷ್ಟರಲ್ಲಿ ಸಿಪಾಯಿಗಳು ದೊಡ್ಡಿಯನ್ನು ಸುತ್ತುವರಿದರು.

“ಸ್ವಾಮಿ, ನಾನು ಕೈದಿಯಲ್ಲ, ಗಣಿಗಾರ!”

“ಸಿಕ್ಕಿಬಿದ್ದವರೆಲ್ಲ ಅದನ್ನೇ ಹೇಳೋದು. ನಡಿ.”

ಮಾರನೆಯ ಬೆಳಿಗ್ಗೆ ಅವನಿಗೆ ಗಣಿಯೊಳಗೆ ತನ್ನ ಹಳೆಯ ಜಾಗವೇ ಸಿಕ್ಕಿತು. ಕಾಲಿನ ಸರಪಳಿಯ ತೂಕ ಒಂಬತ್ತು ಪೌಂಡು.