ಹಿತ್ತಲಿನ ಕರೀ ಕಲ್ಲು

"ಇಲ್ಲೊಂದು ಕರೀ ಕಲ್ಲಿತ್ತಲ್ಲ, ಎಲ್ಲೈತಿ?"

ಗಾದಿಲಿಂಗಮ್ಮ ಹಿತ್ತಲ ಬಾಗಿಲಲ್ಲೇ ನಿಂತು ಕೇಳಿದಳು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಇಷ್ಟು ದಿನ ದೇವನಕೊಂಡದ ತಂಗಿಯ ಮನೆಯಲ್ಲಿದ್ದವಳು, ಈಗಷ್ಟೇ ಆದೋನಿಯ ತನ್ನ ಮನೆಗೆ ಬಂದಿದ್ದಳು. ಬಂದವಳು ಕೈಚೀಲ ಇಳಿಸಿ ನೀರು ಕೂಡ ಕುಡಿಯದೆ ನೇರ ಹಿತ್ತಲಿಗೇ ನಡೆದಿದ್ದಳು. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ, ದೊಡ್ಡಮ್ಮ ಅನ್ನುವುದನ್ನು ತೆಲುಗಿನಲ್ಲಿ ಪೆದ್ದಮ್ಮ ಅನ್ನುವ ಹಾರಿಕಾ ಮಣ್ಣಿನ ಕೈಯನ್ನು ನೈಟಿಗೆ ಒರೆಸಿಕೊಂಡು ನಕ್ಕಳು.

"ಕಲ್ಲು ಆಮ್ಯಾಲೆ ಕೇಳೀರಂತ, ಮೊದಲು ಹಿತ್ತಲ ನೋಡ್ರಿ ಪೆದ್ದಮ್ಮಾ! ಹೆಂಗೈತಿ? ನಮ್ಮನಿಯವ್ರು ದಿನಾ ನಗ್ತಿದ್ರು. ನಾಳೆ ಖಾಲಿ ಮಾಡಂದ್ರ ಗಿಡಾನ ತಲೀ ಮ್ಯಾಲೆ ಹೊತ್ಕಂಡು ಹೋಗ್ತೀಯೇನ ಅಂತ."

ಹಿತ್ತಲು ಗುರುತು ಸಿಗದಷ್ಟು ಬದಲಾಗಿತ್ತು. ಜಾಲಿ ಮುಳ್ಳು, ಒಡೆದ ಹೆಂಚು, ಯಾರೋ ಎಸೆದ ಸಿಮೆಂಟಿನ ಚೀಲ, ಯಾವುದೂ ಇಲ್ಲ. ಹುಟ್ಟಿದಾಗಿನಿಂದ ಗುದ್ದಲಿ ಹಿಡಿಯದ ಹುಡುಗಿ ಫೋನಿನಲ್ಲಿ ನೋಡಿ ನೋಡಿ ಕಲಿತಿದ್ದಳು. ಅಡಿಗೆಮನೆಯ ಡಬ್ಬಿಯಲ್ಲಿದ್ದ ಮೆಂತ್ಯವೇ ಬೀಜ, ಕೊಳೆತ ಟೊಮೇಟೊವೇ ಸಸಿ, ಕುರಿಯವರು ಪುಕ್ಕಟೆ ಕೊಟ್ಟ ಹಿಕ್ಕೆಯೇ ಗೊಬ್ಬರ. ಬಣ್ಣದ ಖಾಲಿ ಡಬ್ಬಿಗಳಲ್ಲಿ ಪುಂಡಿಪಲ್ಲೆ ಎದ್ದು ನಿಂತಿತ್ತು. ಇಟ್ಟಿಗೆ ಕೊಳ್ಳುವ ಬದಲು ಹಿತ್ತಲಲ್ಲಿ ಬಿದ್ದಿದ್ದ ಕಲ್ಲುಗಳನ್ನೆಲ್ಲ ಆರಿಸಿ, ಹಬ್ಬಕ್ಕೆ ತಂದು ಉಳಿದಿದ್ದ ಸುಣ್ಣ ಬಳಿದು, ಪಾತಿಗಳ ಸುತ್ತ ಸಾಲಾಗಿ ಇಟ್ಟಿದ್ದಳು.

"ಚಂದ ಮಾಡೀಯವ್ವಾ," ಅಂದಳು ಗಾದಿಲಿಂಗಮ್ಮ. ಕಣ್ಣು ಮಾತ್ರ ನೆಲವನ್ನೇ ಹುಡುಕುತ್ತಿತ್ತು. "ಕಲ್ಲೆಲ್ಲಿ?"

"ಈ ಸಾಲಿನಾಗೇ ಎಲ್ಲೋ ಐತಿ ಬಿಡ್ರಿ. ಸುಣ್ಣ ಹಚ್ಚಿದ ಮ್ಯಾಲೆ ಎಲ್ಲಾ ಒಂದೇ ಕಾಣ್ತಾವು. ಅದೇನ್ರಿ ಪೆದ್ದಮ್ಮಾ, ದೇವರ ಕಲ್ಲೇನು? ಹಿತ್ತಲ ಹಸನ ಮಾಡ್ಲೇನ್ರಿ ಅಂತ ನಾ ಫೋನ್ ಮಾಡಿ ಕೇಳಿದ್ನಲ್ಲ. ಮಾಡ್ಕೋ ತಾಯಿ ಅಂದ್ರಿ ನೀವು."

"ಅಂದೆ. ಜಾಲಿ ಕಡೀತಾಳ, ಕಸ ಬಳೀತಾಳ ಅನ್ಕೊಂಡೆ. ಕಲ್ಲು ಮುಟ್ಟಬ್ಯಾಡ ಅನ್ನಬೇಕಿತ್ತು. ಅಂದ್ರ ಯಾಕ ಅಂತ ಕೇಳ್ತಿದ್ದಿ." ಮುದುಕಿ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತಳು. "ದೇವರಲ್ಲವ್ವಾ ಅದು. ಅದರ ಕೆಳಗ ನನ್ನ ಮಗ ಅದಾನ."

ಹಾರಿಕಾಳ ಮುಖದ ನಗು ಅಲ್ಲಿಗೇ ನಿಂತಿತು.

"ಹಲ್ಲು ಬಂದಿರಲಿಲ್ಲ ಇನ್ನ. ಎರಡು ದಿನ ಜ್ವರ, ಅಷ್ಟ. ಹಲ್ಲು ಬಾರದ ಕೂಸನ್ನ ಸುಡಬಾರ್ದು, ದೂರ ಒಯ್ಯಬಾರ್ದು ಅಂದ್ಲು ನಮ್ಮತ್ತಿ. ಮನಿ ಹಿತ್ತಲದಾಗ ಇಟ್ರ ಅದೇ ಜೀವ ಮತ್ತ ನಿನ್ನ ಹೊಟ್ಟೀಗೇ ಬರತೈತಿ ಅಂದ್ಲು. ನಮ್ಮನಿಯವ್ರೇ ಗುಂಡಿ ತೋಡಿದ್ರು. ಗುರುತಿಗೆ ಇರಲಿ ಅಂತ ಆ ಕಲ್ಲು ಇಟ್ರು. ಮತ್ತ ಬರಲಿಲ್ಲವ್ವಾ. ಅವನೂ ಬರಲಿಲ್ಲ, ಬ್ಯಾರೇ ಯಾರೂ ಬರಲಿಲ್ಲ. ಅಮಾಸಿಗೊಮ್ಮೆ ಕಲ್ಲಿನ ಮ್ಯಾಲೆ ಒಂದು ಹನಿ ಹಾಲು ಬಿಡ್ತಿದ್ದೆ. ಈ ಓಣ್ಯಾಗ ಅದು ಯಾರಿಗೆ ಗೊತ್ತಿರಲಿಲ್ಲ? ಇದ್ದವರೆಲ್ಲ ಹೋದ್ರು. ನೀ ಹೊಸಬಳು."

ಮುದುಕಿ ಎದ್ದು ಸಾಲಿನ ಹತ್ತಿರ ಬಗ್ಗಿದಳು. ಒಂದು ಕಲ್ಲನ್ನು ಮುಟ್ಟಿದಳು, ಬಿಟ್ಟಳು. ಇನ್ನೊಂದನ್ನು ಮುಟ್ಟಿದಳು. ಬೆರಳಿಗೆಲ್ಲ ಸುಣ್ಣ ಹತ್ತಿತು.

"ಕಲ್ಲು ಸಿಕ್ರೂ ಏನ್ ಮಾಡೋದು ಬಿಡು," ಅಂದಳು ತನಗೆ ತಾನೇ. "ಜಾಗ ಬೇಕಲ್ಲ, ಜಾಗ." ಆಮೇಲೆ ತಲೆ ಎತ್ತದೆ ಕೇಳಿದಳು. "ಅಗಿಯೋವಾಗ ಏನರ ಸಿಕ್ತೇನವ್ವಾ?"

ಸಿಕ್ಕಿತ್ತು. ಗೋಡೆಯ ಕಡೆ ಅಗೆಯುವಾಗ ಸಣ್ಣ ಸಣ್ಣ ಎಲುಬು ಬಂದಿದ್ದವು, ಕಡ್ಡಿಯಷ್ಟು ತೆಳ್ಳಗೆ. ಯಾವುದೋ ನಾಯಿ ತಂದು ಹೂತಿಟ್ಟ ಕೋಳಿ ಎಲುಬು ಅಂದುಕೊಂಡಿದ್ದಳು ಹಾರಿಕಾ. ಗಾಜಿನ ಚೂರುಗಳ ಜೊತೆ ಅವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮುನಿಸಿಪಾಲ್ಟಿ ಕಸದ ಗಾಡಿ ಬಂದಾಗ ಕೊಟ್ಟುಬಿಟ್ಟಿದ್ದಳು. ಅಸಹ್ಯಪಟ್ಟು ಸೋಪು ಹಚ್ಚಿ ಕೈ ಕೂಡ ತೊಳೆದಿದ್ದಳು.

"ಏನೂ ಸಿಗಲಿಲ್ಲ ಪೆದ್ದಮ್ಮಾ. ಬರೀ ಹೆಂಚಿನ ಚೂರು."

"ಖರೇ?"

"ಖರೇ."

"ಆಣಿ ಮಾಡು."

ಹಾರಿಕಾ ಮೆಂತ್ಯದ ಪಾತಿಯನ್ನು ನೋಡಿದಳು. ಮುದುಕಿಯ ಮುಖ ನೋಡಲಿಲ್ಲ.

"ನನ್ನ ಕಣ್ಣಾಣಿ."

ಗಾದಿಲಿಂಗಮ್ಮ ಎಷ್ಟು ಹೊತ್ತಿನಿಂದಲೋ ಹಿಡಿದಿದ್ದ ಉಸಿರನ್ನು ಬಿಟ್ಟಳು. "ಹಂಗಾದ್ರ ಇಲ್ಲೇ ಎಲ್ಲೋ ಅದಾನ," ಅಂದಳು. ಚಪ್ಪಲಿ ಕಳಚಿ, ಸೀರೆಯ ನೆರಿಗೆ ಮೇಲಕ್ಕೆ ಹಿಡಿದು, ಪಾತಿಗಳ ನಡುವೆ ಬರಿಗಾಲಲ್ಲಿ ನಡೆಯತೊಡಗಿದಳು. ಹಾರಿಕಾ ಅವಳ ಕೈ ಹಿಡಿಯಲು ಮುಂದೆ ಬಂದಾಗ ಗದರಿದಳು.

"ಮೆಲ್ಲಕ ಬಾರವ್ವಾ, ನೋಡಿ ಇಡು ಕಾಲು. ಎಲ್ಲಿ ಮಲಗ್ಯಾನೋ ಏನೋ."

ಅಲ್ಲಿ ಯಾರೂ ಮಲಗಿಲ್ಲ ಅನ್ನುವುದು ಹಾರಿಕಾಳೊಬ್ಬಳಿಗೇ ಗೊತ್ತಿತ್ತು. ಆದರೂ ಮುದುಕಿಯ ಹಿಂದೆ ಅವಳೂ ಒಂದೊಂದೇ ಹೆಜ್ಜೆಯನ್ನು ಹುಷಾರಾಗಿ, ನೋಡಿ ನೋಡಿ ಇಟ್ಟಳು.